ಎತ್ತಿಕೊಂಡರೆ ಕೆಡುವ ಕೂಸು

ಬಾಣಂತನ ಮುಗಿಸಿ ಹುಮನಾಬಾದಿನ ತವರಿನಿಂದ ಬಸವಕಲ್ಯಾಣಕ್ಕೆ ಹೊರಟ ದಿನವೇ ನನ್ನ ಗಂಡನ ಕೈ ಎಂಥದೆಂದು ಗೊತ್ತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸೆರಗು ಸರಿಮಾಡಿಕೊಳ್ಳಲು, "ಸ್ವಲ್ಪ ಕೂಸಿನ್ನ ಹಿಡೀರಿ" ಅಂದೆ. ಆ ಮಹಾನುಭಾವ ಸುತ್ತ ಒಮ್ಮೆ ನೋಡಿ, "ಪರಿಚಯದ ಮಂದಿ ಅದಾರ, ಬ್ಯಾಗ್ ಕೊಡು" ಅಂದ. ಗಂಡಸು ತನ್ನ ಕೂಸನ್ನು ತಾನೇ ಎತ್ತಿಕೊಂಡರೆ ಮರ್ಯಾದೆ ಹೋಗುತ್ತದಲ್ಲ! ದಾರಿಯುದ್ದಕ್ಕೂ ಡೈಪರ್ ತುಂಬಿದ ಆ ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದ.

ಮನೆಯಲ್ಲಿ ಅತ್ತೆಯ ದರಬಾರು. ಪಡಸಾಲೆಯ ನಟ್ಟನಡುವೆ ತೊಟ್ಟಿಲು. ಕೂಸು ಅದರಲ್ಲೇ ಇರಬೇಕು. ಹಾಲು ಕುಡಿಸಲು ಎತ್ತಿಕೊಳ್ಳಬಹುದು, ಕುಡಿದಾದ ಮೇಲೆ ವಾಪಸ್. ನಮ್ಮ ಕಿರಾಣಿ ಅಂಗಡಿಯ ಬೆಲ್ಲಕ್ಕೂ ಇದಕ್ಕಿಂತ ಹೆಚ್ಚು ಕೈ ತಾಗುತ್ತಿತ್ತು.

"ಎತ್ತಿ ಎತ್ತಿ ಆದತ್ ಹಚ್ಚಬ್ಯಾಡ, ಕೂಸು ಕೆಡ್ತದ. ಅಳ್ಳಿ ಬಿಡು, ಎದಿ ಗಟ್ಟಿ ಆಗ್ತದ" ಎನ್ನುತ್ತಿದ್ದರು ಅತ್ತೆ. ಓಣಿಯ ಹೆಂಗಸರು ಚಹಾ ಹೀರುತ್ತ ತಲೆಯಾಡಿಸುತ್ತಿದ್ದರು. ಕೂಸು ಕೆಡುತ್ತದಂತೆ, ನಿನ್ನೆಯ ಸಾರಿನ ಹಾಗೆ! ಇನ್ನೂ ಕುತ್ತಿಗೆ ನಿಲ್ಲದ ಜೀವವೊಂದು ಮನೆಮಂದಿಯನ್ನು ಕುಣಿಸಲು ಸಂಚು ಹೂಡಿದೆ ಎಂದು ನಂಬಿದ ಆ ಜಾಣೆಯರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅತ್ತು ಅತ್ತು ಕೂಸಿನ ದನಿ ಒಡೆಯುತ್ತಿತ್ತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ನಮ್ಮ ಲಿಂಗಾಯತರಲ್ಲಿ ಹುಟ್ಟಿದ ಕೂಸಿಗೆ ಇಷ್ಟಲಿಂಗ ಕಟ್ಟುತ್ತಾರೆ. ಕೂಸು ಬೆಳೆಯುವವರೆಗೆ ತಾಯಿ ಅದನ್ನು ತನ್ನ ಲಿಂಗದ ಜೊತೆಗೇ ಕೊರಳಲ್ಲಿ ಹಾಕಿಕೊಂಡಿರುತ್ತಾಳೆ. ಒಂದು ಬೆಳಿಗ್ಗೆ ಜಳಕಕ್ಕೆ ಹೋಗುವಾಗ ಕೂಸಿನ ಲಿಂಗವನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿ ಹೋದೆ. ಬಂದು ನೋಡಿದರೆ ಕೂಸು ಕಿರುಚಿ ಕಿರುಚಿ ಕೆಂಪಾಗಿದೆ; ಅತ್ತೆ ಪಕ್ಕದಲ್ಲೇ ನಿಂತು ಲಿಂಗವನ್ನು ನೋಡುತ್ತಿದ್ದಾರೆ.

"ಇದನ್ನ ಹಿಂಗ ಬಿಟ್ಟು ಹೋಗ್ತಾರೇನು? ಎದಿ ಮ್ಯಾಲಿಂದ ಒಂದು ಗಳಿಗಿನೂ ಇಳಿಸಬಾರ್ದು!"

"ಮತ್ತ ಕೂಸಿನ್ನ ಇಳಿಸಬಹುದೇನ್ರಿ?" ಎಂದು ಎತ್ತಿಕೊಂಡೆ.

ಅತ್ತೆಯ ಮುಖ ಬಿಗಿದುಕೊಂಡಿತು. "ನಿನ್ನ ಗಂಡನ್ನ ನಾ ಹಿಂಗ ಎತ್ತಿಕೊಂಡು ತಿರುಗಿಲ್ಲ. ಏನು ಕಮ್ಮಿ ಆಗ್ಯಾದ ಅವಂಗ?"

"ಹುಮನಾಬಾದ್ ಬಸ್ ಸ್ಟ್ಯಾಂಡಿನಾಗ ನೋಡೀನ್ರಿ ಅತ್ತಿ" ಅಂದೆ. ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ಗಂಡನ ಕೈಗೆ ಕೂಸನ್ನು ಕೊಟ್ಟೇಬಿಟ್ಟೆ.

ಆತ ಯಾರದೋ ಸಾಮಾನು ಹಿಡಿದವನಂತೆ ಎರಡೂ ಕೈ ಮುಂದೆ ಚಾಚಿ ನಿಂತ. ಕೂಸು ಇನ್ನೂ ಜೋರಾಗಿ ಅತ್ತಿತು. "ಅವ್ವಾ, ಹ್ಯಾಂಗ ಹಿಡೀಬೇಕು?" ಅಂದ. ನಾಚಿಕೆಗೆ ನನ್ನ ಕಡೆ ನೋಡಲಿಲ್ಲ.

ಅತ್ತೆ ಬಾಯಿ ತೆರೆದಾಗ ಬೈಗುಳವೇ ಬರುತ್ತದೆ ಅಂದುಕೊಂಡೆ. ಆದರೆ ಅವರ ಕೈಗಳು ತಾವಾಗಿಯೇ ಮಡಚಿಕೊಂಡು, ಕೂಸನ್ನು ಎತ್ತಿಕೊಂಡವರ ಹಾಗೆ ಎದೆಯ ಹತ್ತಿರ ಬಂದವು.

"ಹಂಗಲ್ಲೋ. ಕುತ್ತಿಗಿ ಕೆಳಗ ಕೈ ಹಾಕು. ಎದಿಗೆ ಹಚ್ಚಿಕೋ. ನಿನ್ನ ಎದಿ ಬಡಿತ ಕೇಳಿದ್ರ ಸುಮ್ಮ ಆಗ್ತದ."

ಕೂಸು ಸುಮ್ಮನಾಯಿತು. ಎಲ್ಲ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಅಳಲು ಬಿಟ್ಟಿದ್ದರು, ನನ್ನ ಮಗನನ್ನು; ಅದಕ್ಕೂ ಮೊದಲು ತಮ್ಮ ಮಗನನ್ನು.