ಅಕ್ಕನ ಹೆಗಲಿಗಾಗಿ ಸುತ್ತಿದ ಸುರುಳಿ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಹಾಜರಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ಹೊತ್ತೆಲ್ಲ ಕಾವಲುಗಾರನಿಂದ ಹಿಡಿದು ಯಜಮಾನರವರೆಗೆ ಕಾರ್ಖಾನೆಯ ಎಲ್ಲರಿಗೂ ಅವಳು ಸುರುಳಿ. ತಾಮ್ರದ ತಂತಿ ಕೈಗೆ ಸಿಕ್ಕರೆ ಸಾಕು, ಸುತ್ತಲು ಶುರು. ಪೆನ್ಸಿಲಿಗೆ ಸುತ್ತುವಳು, ಬೆರಳಿಗೆ ಸುತ್ತುವಳು. ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ ಪಕ್ಕದ ಮೇಜಿನವನನ್ನು ಕುರ್ಚಿ ಸಮೇತ ಸುತ್ತಿಬಿಟ್ಟಳಂತೆ, ಅವನನ್ನು ಬಿಡಿಸುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತಂತೆ. ನಂಬಲು ಕಷ್ಟವಾದರೆ ಕುರ್ಚಿಯನ್ನು ಬಿಟ್ಟು ಉಳಿದದ್ದನ್ನು ನಂಬಿ.

ಆಸ್ಪತ್ರೆಯವರು ಕೈಯಲ್ಲಿ ಹಿಡಿದು ಒಯ್ಯುವ ಯಂತ್ರಗಳಿಗೆ ಕರೆಂಟು ಹಂಚುವ ಬೋರ್ಡು ಮಾಡುವುದು ಅವಳ ಕೆಲಸ. ಬ್ಯಾಟರಿ ಒಂದೇ, ಆದರೆ ಒಳಗೆ ಕೂತವರ ಬಾಯಿರುಚಿ ಬೇರೆ ಬೇರೆ. ಪರದೆಗೆ ಹೆಚ್ಚು ವೋಲ್ಟು ಬೇಕು. ಲೆಕ್ಕ ಹಾಕುವ ಚಿಪ್ಪಿಗೆ ಕಡಿಮೆ ಸಾಕು. ರೋಗಿಯ ಮೈಗೆ ಅಂಟಿಸುವ ತಂತಿಗಳ ಭಾಗಕ್ಕಂತೂ ಒಂದಿಷ್ಟೂ ಗದ್ದಲವಿಲ್ಲದ ಕರೆಂಟೇ ಆಗಬೇಕು, ಥೇಟು ಮನೆಯ ಹಿರಿ ಅಳಿಯನ ಹಾಗೆ. ಉಳಿದವರಾದರೆ ಮೂವರಿಗೂ ಮೂರು ಒಲೆ ಹೂಡುತ್ತಾರೆ. ಸುರುಳಿ ಒಂದೇ ಒಲೆಯಲ್ಲಿ ಮೂವರಿಗೂ ಬಡಿಸಲು ಹೊರಟವಳು. ಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರು, ಅದರ ಮೇಲೆ ಮೂವರ ಪಾಲಿನ ತಂತಿ, ಜೊತೆಗೊಂದು ಸ್ವಿಚ್ಚು. ನೀವು ರೆಪ್ಪೆ ಮಿಟುಕಿಸುವಷ್ಟರಲ್ಲಿ ಆ ಸ್ವಿಚ್ಚು ಸಾವಿರಾರು ಸಲ ಹತ್ತಿ ಆರಿರುತ್ತದೆ. ಎಷ್ಟು ಹೊತ್ತು ಹತ್ತಿರಬೇಕು ಎಂದು ಅದಕ್ಕೆ ಹೇಳುವವರು ಯಾರು? ಬೋರ್ಡಿನ ಮೇಲಿನ ಕೂದಲೆಳೆಯಂಥ ಒಂದು ಗೆರೆ. ವೋಲ್ಟು ಏರಿತು, ಇಳಿಯಿತು ಎಂದು ಕ್ಷಣಕ್ಷಣಕ್ಕೂ ಸುದ್ದಿ ಮುಟ್ಟಿಸುವ ಆ ಗೆರೆಗೆ ಸುರುಳಿ ಚಾಡಿಗೆರೆ ಎಂದು ಹೆಸರಿಟ್ಟಿದ್ದಳು.

ಇಷ್ಟೆಲ್ಲ ಹಠ ಯಾಕೆಂದರೆ ಅಕ್ಕನಿಗಾಗಿ. ಅಕ್ಕ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು. ಹೃದಯದ ಬಡಿತ ಬರೆಯುವ ಯಂತ್ರದ ಪೆಟ್ಟಿಗೆ ಸದಾ ಅವಳ ಹೆಗಲಿಗೆ. ಒಂದು ಮನೆಯಲ್ಲಿ ಅದನ್ನು ಇಳಿಸಿದಾಗ ಬೆಂಚು ನರಳಿದ್ದು ಕೇಳಿ ರೋಗಿಯೇ ಎದ್ದು, "ಪಾಪ, ಮೊದಲು ಅದನ್ನ ಮಲಗಿಸಿ" ಎಂದು ಹಾಸಿಗೆ ಬಿಟ್ಟುಕೊಟ್ಟನಂತೆ. ಮೆಟ್ಟಿಲು ಹತ್ತಿ ಹತ್ತಿ ಅಕ್ಕನ ಬಲಹೆಗಲು ಕೈಕೊಟ್ಟಿತ್ತು. ಯಂತ್ರ ಹಗುರಾಗದಿದ್ದರೆ ಇನ್ನು ತಿರುಗಾಟ ಬಂದ್, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂರು ಎಂದಿದ್ದರು ಅಲ್ಲಿಯ ದೊಡ್ಡ ಡಾಕ್ಟರು. ನಾಲ್ಕು ಮನೆಯ ಸುದ್ದಿ ಕೇಳದೆ ಅನ್ನ ಇಳಿಯದ ಅಕ್ಕನಿಗೆ ಆ ಕಿಟಕಿಯೂ ಒಂದೇ, ಜೈಲಿನ ಕಿಟಕಿಯೂ ಒಂದೇ.

ಪೆಟ್ಟಿಗೆ ತಯಾರಾಗುತ್ತಿದ್ದುದು ಸುರುಳಿಯ ಕಾರ್ಖಾನೆಯಲ್ಲೇ. ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು: ಶುಕ್ರವಾರ ಆಸ್ಪತ್ರೆಯವರು ನೋಡಲು ಬರುತ್ತಾರೆ. ಅಷ್ಟರಲ್ಲಿ ಸುರುಳಿಯ ಬೋರ್ಡು ಹಾಕಿದ ಹೊಸ ಪುಟ್ಟ ಯಂತ್ರ ಓಡಿದರೆ ಸರಿ, ಇಲ್ಲದಿದ್ದರೆ ಹಳೆ ಪೆಟ್ಟಿಗೆಯೇ ಗತಿ.

ಯಂತ್ರದ ಹೊರಕವಚ ಮಾಡುವವನು ಡಬ್ಬಣ್ಣ. ಸುರುಳಿಯನ್ನು ಕೆಣಕದೆ ಅವನಿಗೆ ಚಹಾ ಇಳಿಯದು.

"ಏನಮ್ಮಾ ಸುರುಳಿ, ನಿನ್ನ ಕರೆಂಟಿಗೆ ಬೆಂಕಿಪೊಟ್ಟಣದಷ್ಟು ಜಾಗ ಬಿಟ್ಟಿದೀನಿ. ಸಾಲದಿದ್ರೆ ಹೇಳು, ಕಡ್ಡಿನೂ ತೆಗೆದುಬಿಡ್ತೀನಿ."

"ಕಡ್ಡಿ ನೀವೇ ಇಟ್ಕೊಳ್ಳಿ ಡಬ್ಬಣ್ಣ. ತಲೆಯೊಳಗೆ ಸ್ವಲ್ಪ ಬೆಳಕು ಬೇಡ್ವಾ?"

ಗುರುವಾರ ಮಧ್ಯಾಹ್ನ ಅಕ್ಕನೂ ಬಂದು ಕೂತಳು, ಮಣಿಕಟ್ಟಿಗೆ ತಂತಿ ಅಂಟಿಸಿಕೊಂಡು. ಪುಟ್ಟ ಯಂತ್ರ ಎದ್ದಿತು, ಬಡಿತದ ಗೆರೆ ಬರೆಯಲು ಶುರುಮಾಡಿತು. ಪರದೆಯ ಬೆಳಕು ಹೆಚ್ಚಿಸಿದ್ದೇ ತಡ, ಗೊಟಕ್ ಎಂದಿತು. ಏನಾಯಿತೆಂದು ನೋಡಲು ಸುರುಳಿ ಅಳತೆ ಯಂತ್ರದ ಸೂಜಿಮೊನೆಯನ್ನು ಚಾಡಿಗೆರೆಗೆ ತಾಗಿಸಿದಳು. ಅಷ್ಟೇ, ಏನೂ ಆಗಿಲ್ಲವೆಂಬಂತೆ ಓಡತೊಡಗಿತು. ಬೆಳಕು ಏರಿಸಿದರೂ ಓಟ, ಇಳಿಸಿದರೂ ಓಟ. ಸೂಜಿ ತೆಗೆದಳು, ಮತ್ತೆ ಗೊಟಕ್.

"ಥೇಟು ನಿನ್ನ ಹಾಗೇನೇ ಪುಟ್ಟಿ ಇದು," ಅಂದಳು ಅಕ್ಕ. "ನಾನು ಪಕ್ಕದಲ್ಲಿ ಕೂತಿದ್ರೆ ಓದ್ತಿದ್ದೆ, ಎದ್ದ ತಕ್ಷಣ ಗೊರಕೆ."

ಸುರುಳಿ ಮತ್ತೆ ಸೂಜಿ ತಾಗಿಸಿದ್ದಾಗಲೇ ಯಜಮಾನರು ಒಳಗೆ ಬಂದರು. ಓಡುತ್ತಿದ್ದ ಯಂತ್ರ ನೋಡಿ ಮುಖ ಅರಳಿತು. "ಭೇಷ್! ಗೆದ್ದುಬಿಟ್ಟೆಯಲ್ಲಮ್ಮ!"

ಸುಮ್ಮನಿದ್ದರೆ ಆ ಹೊತ್ತು ಹೊಗಳಿಕೆಯಾದರೂ ದಕ್ಕುತ್ತಿತ್ತು. ಆದರೆ ಸುರುಳಿ ಸೂಜಿ ಎತ್ತಿದಳು. ಪರದೆ ಕಪ್ಪಾಯಿತು.

"ಇದೇನು, ನನ್ನ ಮುಖ ನೋಡಿ ಜೀವ ಬಿಡ್ತಾ?"

"ಸೂಜಿ ಮುಟ್ಟಿದ್ರೆ ಮಾತ್ರ ಬದುಕತ್ತೆ ಸಾರ್."

ಡಬ್ಬಣ್ಣನಿಗೆ ಇದಕ್ಕಿಂತ ಹಬ್ಬ ಬೇಕೇ? "ಯೋಚನೆ ಬಿಡಿ ಸಾರ್. ಆ ಅಳತೆ ಮಿಷಿನ್ನನ್ನೂ ಅಕ್ಕಾವ್ರ ಇನ್ನೊಂದು ಹೆಗಲಿಗೆ ಕಟ್ಟಿ ಕಳಿಸೋಣ. ಎರಡೂ ಕಡೆ ತೂಕ ಸಮ ಆಗತ್ತೆ."

ಎಲ್ಲರೂ ನಕ್ಕರು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಸುರುಳಿ ಮಾತ್ರ ಕೈಯಲ್ಲಿದ್ದ ಸೂಜಿಯನ್ನು ತಿರುಗಿಸಿ ನೋಡಿದಳು. ಅಳತೆ ಯಂತ್ರವನ್ನು ಜೊತೆಗೆ ಕಳಿಸುವುದು! ಇಡೀ ಯಂತ್ರ ಯಾಕೆ? ಸೂಜಿ ಅಲ್ಲಿ ಬರೀ ನೋಡುತ್ತಿರಲಿಲ್ಲ, ಮುಟ್ಟುತ್ತಿತ್ತು. ಅದರ ತುದಿಯೊಳಗೆ ಒಂದು ಚಿಟಿಕೆಯಷ್ಟು ಕೆಪಾಸಿಟರು ಅಡಗಿರುತ್ತದೆ. ಆ ಚಿಟಿಕೆಯೇ ಚಾಡಿಗೆರೆಯ ಗದ್ದಲವನ್ನು ನುಂಗುತ್ತಿತ್ತು. ಗದ್ದಲ ಎಲ್ಲಿಂದ ಬಂತು? ಬೋರ್ಡನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು. ಜಾಗ ಉಳಿಸುವ ಭರದಲ್ಲಿ ಚಾಡಿಗೆರೆಯನ್ನು ಟ್ರಾನ್ಸ್‌ಫಾರ್ಮರಿನ ಹೊಟ್ಟೆಯ ಕೆಳಗೇ ಎಳೆದಿದ್ದಳು. ಬಡಿಗೇರನ ಅಂಗಡಿಯಲ್ಲಿ ಕೂಸನ್ನು ಮಲಗಿಸಿದ ಹಾಗೆ! ಪರದೆ ಬೆಳಗಿದಾಗ ಮೇಲಿನ ಗಲಾಟೆ ಹೆಚ್ಚಿ ಚಾಡಿ ಸುಳ್ಳಾಗುತ್ತಿತ್ತು, ಸ್ವಿಚ್ಚು ಗಾಬರಿಬಿದ್ದು ಕೈಚೆಲ್ಲುತ್ತಿತ್ತು.

"ಇನ್ನೊಂದು ಕೆಪಾಸಿಟರು ಸಾಕು ಸಾರ್. ಸಾಸಿವೆಗಿಂತ ಚಿಕ್ಕದು."

"ಎಲ್ಲಿಡ್ತೀಯಮ್ಮ?" ಯಜಮಾನರು ಕನ್ನಡಕ ಏರಿಸಿ ಬೋರ್ಡಿನ ಮೇಲೆ ಬಗ್ಗಿದರು. "ಇಲ್ಲಿ ಇರುವೆ ನಿಲ್ಲೋಕೂ ಜಾಗ ಇಲ್ಲ. ಹೊಸ ಬೋರ್ಡು ಬರೋ ಹೊತ್ತಿಗೆ ಶುಕ್ರವಾರ ಕಳೆದಿರತ್ತೆ."

ಸುರುಳಿ ಅಕ್ಕನ ಕಡೆ ತಿರುಗಿದಳು. "ಅಕ್ಕಾ, ಸ್ಕೂಲಿಂದ ಬರುವಾಗ ಕಾಲು ನೋವು ಅಂತ ನಾನು ಬೀದೀಲಿ ಕೂತ್ರೆ ಏನು ಮಾಡ್ತಿದ್ದೆ ನೀನು?"

"ಏನು ಮಾಡ್ಲಿ? ಬೈಕೊಂಡು ಉಪ್ಪುಮೂಟೆ ಹೊತ್ಕೊಂಡು ಬರ್ತಿದ್ದೆ."

"ಅಷ್ಟೇ. ಉಪ್ಪುಮೂಟೆ!"

ಚಾಡಿಗೆರೆಯ ಕೊನೆಯಲ್ಲಿ, ಗ್ರೌಂಡ್ ಎನ್ನುವ ನೆಲದ ಗೆರೆಗೆ ಸೇರುವ ಕಡೆ, ಕರೆಂಟಿಗೆ ತಡೆಯೊಡ್ಡುವ ಒಂದು ಸಣ್ಣ ರೆಸಿಸ್ಟರು ಕೂತಿತ್ತು. ಕೆಪಾಸಿಟರಿಗೆ ಬೇರೆ ಜಾಗ ಯಾಕೆ, ಅದರ ಬೆನ್ನ ಮೇಲೆ ಹತ್ತಿಸಿದರಾಯಿತು. ಭೂತಗನ್ನಡಿಯ ಕೆಳಗೆ, ಚಿಮುಟ ಹಿಡಿದು, ಉಸಿರು ಕಟ್ಟಿ ಬೆಸುಗೆ ಹಾಕತೊಡಗಿದಳು. ಉಸಿರು ಬಿಟ್ಟರೆ ಹಾರಿಹೋಗುವಂಥ ವಸ್ತು ಅದು. ಹಿಂದೊಮ್ಮೆ ಹಾಗೆ ಹಾರಿದ್ದು ಡಬ್ಬಣ್ಣನ ಚಹಾಕ್ಕೆ ಬಿದ್ದು, ಅದನ್ನು ಕುಡಿದ ವಾರವಿಡೀ ಅವನ ಗದ್ದಲ ಅರ್ಧಕ್ಕೆ ಇಳಿದಿತ್ತಂತೆ. ಅವನ ಹೆಂಡತಿ ಇನ್ನೊಂದು ಹಿಡಿ ಕೇಳಿ ಕಳಿಸಿದ್ದಳೆಂದೂ ಸುದ್ದಿ.

ಬೆಸುಗೆ ಆರಿತು. ಸುರುಳಿ ಅಳತೆ ಯಂತ್ರದ ಸೂಜಿಯನ್ನು ಎಲ್ಲರಿಗೂ ಕಾಣುವಂತೆ ದೂರದ ಕಿಟಕಿಯ ಮೇಲಿಟ್ಟು ಬಂದು ಗುಂಡಿ ಒತ್ತಿದಳು. ಪರದೆ ಎದ್ದಿತು. ಬೆಳಕು ಏರಿಸಿದಳು. ಅಕ್ಕನ ಬಡಿತ ಸಾಲಾಗಿ, ಅಂದವಾಗಿ ಬರೆದುಕೊಂಡು ಹೋಯಿತು. ಇಳಿಸಿದಳು, ಏರಿಸಿದಳು, ಕುಲುಕಿದಳು. ಬಡಿತ ಒಂದು ಕ್ಷಣವೂ ನಿಲ್ಲಲಿಲ್ಲ. ಡಬ್ಬಣ್ಣ ಯಂತ್ರವನ್ನು ಇಸಿದುಕೊಂಡು ಕವಚದೊಳಗೆ ಕೂರಿಸಿದ. "ಸುರುಳಿ," ಎಂದ ಮೆಲ್ಲಗೆ, "ಬೆಂಕಿಪೊಟ್ಟಣದಲ್ಲಿ ಇನ್ನೂ ಜಾಗ ಉಳೀತಲ್ಲಮ್ಮ."

"ಹಾಗಾದ್ರೆ ಅಲ್ಲೇ ನಿಮ್ಮ ಕಡ್ಡಿ ಇಟ್ಕೊಳ್ಳಿ, ಪಾಪ."

ಶುಕ್ರವಾರ ಆಸ್ಪತ್ರೆಯ ದೊಡ್ಡ ಡಾಕ್ಟರು ಕಾರ್ಖಾನೆಯ ಮೇಲಿನ ಮಹಡಿಗೆ ಏದುಸಿರು ಬಿಡುತ್ತಾ ಬಂದರು. ಅಕ್ಕ ಕೈಚೀಲ ಬೀಸಿಕೊಂಡು ಅವರ ಹಿಂದೆಯೇ ಹತ್ತಿ ಬಂದಳು.

"ಯಂತ್ರ ಎಲ್ಲಮ್ಮ? ಹಿಂದೆ ಬರ್ತಿದೆಯಾ?"

ಅಕ್ಕ ಚೀಲದಿಂದ ಬಾಚಣಿಗೆ ತೆಗೆದಳು, ಬೀಗದಕೈ ತೆಗೆದಳು, ಕೊಡೆ ತೆಗೆದಳು, ಆಮೇಲೆ ಯಂತ್ರ ತೆಗೆದಳು. ತಂತಿಗಳನ್ನು ಡಾಕ್ಟರ ಮಣಿಕಟ್ಟಿಗೇ ಅಂಟಿಸಿ ಗುಂಡಿ ಒತ್ತಿದಳು. ನೀರಿನಂತೆ ತಿಳಿಯಾದ ಗೆರೆ.

"ನೋಡಿ ಸಾರ್, ಎಷ್ಟು ಡವಡವ ಅಂತಿದೆ ನಿಮ್ಮೆದೆ. ನಾನೂ ಅದೇ ಮೆಟ್ಟಿಲು ಹತ್ತಿದ್ದು."

ಡಾಕ್ಟರು ಗಟ್ಟಿಯಾಗಿ ನಕ್ಕರು. "ಕಿಟಕಿ ಹಿಂದೆ ಬೇರೆ ಯಾರನ್ನಾದ್ರೂ ಕೂರಿಸ್ತೀವಿ. ನೀನು ತಿರುಗು ತಾಯಿ."

ಮುಂದಿನ ಬೋರ್ಡುಗಳಲ್ಲಿ ಸುರುಳಿ ಚಾಡಿಗೆರೆಯನ್ನು ಗಲಾಟೆಯಿಂದ ದೂರ ಒಯ್ದಳು, ಕೆಪಾಸಿಟರಿಗೂ ಸ್ವಂತ ಜಾಗ ಕೊಟ್ಟಳು. ಉಪ್ಪುಮೂಟೆಯ ಆ ಮೊದಲ ಬೋರ್ಡು ಮಾತ್ರ ಅಕ್ಕನ ಕೈಚೀಲದಲ್ಲೇ ಉಳಿಯಿತು.

ಆ ಶುಕ್ರವಾರ ಸಂಜೆ ಕಾರ್ಖಾನೆಯ ಗೇಟು ದಾಟಿದ ಮೇಲೆ ಸುರುಳಿ ಬೀದಿಯಲ್ಲಿ ಬಗ್ಗಿ ನಿಂತಳು.

"ಹತ್ತಕ್ಕಾ."

"ಹುಚ್ಚು ಹಿಡಿತಾ ಪುಟ್ಟಿ? ಜನ ನೋಡ್ತಾರೆ!"

"ನೋಡ್ಲಿ. ಇಷ್ಟು ವರ್ಷ ನೀನು ಹೊತ್ತೆ. ಹತ್ತು ಅಂದ್ರೆ."

ಅಕ್ಕ ಹತ್ತಿದಳು. ಮನೆಯವರೆಗೂ ಹೊತ್ತೆ ಎನ್ನುತ್ತಾಳೆ ಸುರುಳಿ, ಎದುರಿನ ದೀಪದ ಕಂಬದವರೆಗೆ ಅಷ್ಟೇ ಎನ್ನುತ್ತಾಳೆ ಅಕ್ಕ. ಒಂದು ಮಾತಿಗೆ ಮಾತ್ರ ಇಬ್ಬರದೂ ತಕರಾರಿಲ್ಲ. ಕೈಚೀಲದೊಳಗಿನ ಯಂತ್ರವನ್ನು ಆರಿಸಲು ಇಬ್ಬರೂ ಮರೆತಿದ್ದರು, ಅದು ದಾರಿಯುದ್ದಕ್ಕೂ ಓಡುತ್ತಲೇ ಇತ್ತು.