ಮೇಜಿನ ಆಚೆ ಬದಿ

ನಮ್ಮ ಬೀದಿಯ ಮರ ಸೀಳುವವನು ಬಾಯಿ ತೆರೆದರೆ ಗರಗಸವೇ ನಾಚಬೇಕು. ಮೊದಲೆಲ್ಲ ಈಚೆಯಿಂದ ಅವನು ಹಲಗೆ ನೂಕುತ್ತಿದ್ದ, ಗರಗಸದ ಮೇಜಿನ ಆಚೆ ಹೆಂಡತಿಯ ಅಣ್ಣ ನಿಂತು ಎಳೆದುಕೊಳ್ಳುತ್ತಿದ್ದ. ಹಲಗೆ ಮುಗಿದರೂ ಇಬ್ಬರ ಜಗಳ ಮುಗಿಯುತ್ತಿರಲಿಲ್ಲ. ಈಗ ಪವರ್ ಫೀಡರ್ ಎಂಬ ಯಂತ್ರ ಬಂದಿದೆ. ನೂಕುವುದೂ ಅದೇ, ಆಚೆ ದಾಟಿಸುವುದೂ ಅದೇ. ಅದರ ರಬ್ಬರ್ ಚಕ್ರಗಳನ್ನು ಹಲಗೆಗೆ ಒತ್ತುವಂತೆ ಇಳಿಸಿ, ಮೂತಿಯನ್ನು, ಹಲಗೆ ಒರಗಿ ಸಾಗುವ ಪಕ್ಕದ ಪಟ್ಟಿಯತ್ತ ಕೂದಲೆಳೆಯಷ್ಟು ವಾಲಿಸುವಾಗ ಅವನು ಕೂಸಿನ ತಲೆ ಬಾಚುವವನಂತೆ ಕಾಣುತ್ತಾನೆ. ಬಂದವರಿಗೆಲ್ಲ ಅದೇ ಪುರಾಣ: “ಇದು ಬೀಡಿ ಕೇಳಲ್ಲ, ಮುನಿಸ್ಕೊಳ್ಳಲ್ಲ, ನನ್ನ ತಂಗೀನ ಸರಿಯಾಗಿ ನೋಡ್ಕೋ ಅಂತ ತಲೆ ತಿನ್ನಲ್ಲ!” ಮೊನ್ನೆ ಆ ಭಾವನೇ ಬಾಗಿಲಲ್ಲಿ ನಿಂತು, “ಆಚೆ ಕಡೆ ಹಿಡಿಯೋಕೆ ಬರ್ಲಾ? ಮನೇಲಿ ಹೊತ್ತೇ ಹೋಗಲ್ಲ” ಎಂದ. ಬಾ ಎನ್ನಲು ಇವನ ಜಂಬ ಬಿಡಬೇಕಲ್ಲ! “ಯಾಕೆ ಭಾವ ಸುಮ್ನೆ ತೊಂದ್ರೆ? ಎಲ್ಲಾ ಇದೇ ಮಾಡುತ್ತೆ” ಎಂದುಬಿಟ್ಟ. ಭಾವ ತಲೆಯಾಡಿಸಿ ಹೊರಟುಹೋದ. ಇವನು ಬೇರೊಂದು ಹಲಗೆಯನ್ನು ಚಕ್ರಕ್ಕೆ ಕೊಟ್ಟ. ಅದರ ತುದಿ ಗರಗಸ ದಾಟುತ್ತಲೇ, ಅಭ್ಯಾಸಬಲದಿಂದ, “ಹಿಡ್ಕೊಂಡ್ರಾ ಭಾವ?” ಎಂದು ಕೂಗಿದ; ಉತ್ತರ ಬರಬೇಕಾದಷ್ಟು ಹೊತ್ತು ಕಾದ; ಆಮೇಲೆ ಮೇಜು ಸುತ್ತಿಕೊಂಡು ಹೋಗಿ ತಾನೇ ಹಿಡಿದುಕೊಂಡ.