‘ನಾನು ಪರದೇಶಿ’ ಎಂದ ಹುಡುಗಿ

ಗೆಳೆಯರೇ, ಇವತ್ತು ಬೀದರಿನ ಮಕ್ಕಳ ಆಸ್ಪತ್ರೆಯಲ್ಲಿ ಒಂದೇ ಶಬ್ದಕ್ಕೆ ರಂಪವಾಯಿತು. ನಾನು ಮೊಮ್ಮಗಳ ಹತ್ತಿರ ಕೂತಿದ್ದೆ. ಪಕ್ಕದ ಹಾಸಿಗೆಯಲ್ಲಿ ಔರಾದ ಕಡೆಯ ಹೆಣ್ಣುಮಗಳು, ಅವಳ ಕೂಸಿಗೆ ನ್ಯುಮೋನಿಯಾ. ಊರಲ್ಲಿ ಮಳೆಯಿಲ್ಲ, ಕೆಲಸವಿಲ್ಲ. ಪುಣೆಗೆ ಕೂಲಿಯವರನ್ನು ಒಯ್ಯುವ ಲಾರಿಯಲ್ಲಿ ಗಂಡ ಇವಳಿಗಾಗಿ ಕಾಯುತ್ತಿದ್ದ. ಜ್ವರ ಇಳಿಯುವ ತನಕ ಕೂಸನ್ನು ಒಯ್ಯಬೇಡ ಎಂದು ಡಾಕ್ಟರು ಹೇಳಿದ್ದರು.

ಅಲ್ಲಿ ಜರ್ಮನಿಯಿಂದ ಸೇವೆಗೆ ಬಂದ ಒಬ್ಬ ಹುಡುಗಿ ಇದ್ದಾಳೆ, ಮೊಬೈಲಿನಲ್ಲಿ ಕನ್ನಡ ಕಲಿತವಳು. ಕೂಸಿನ ಜ್ವರ ನೋಡಲು ಅವಳು ಕೈ ಚಾಚಿ, "ನಾನು ಪರದೇಶಿ. ಮಗು ನನಗೆ ಕೊಡಿ" ಎಂದಳು.

ನಮ್ಮ ಕಡೆ ಪರದೇಶಿ ಎಂದರೆ ಹೊರದೇಶದವರಲ್ಲ, ಹಿಂದುಮುಂದು ಯಾರೂ ಇಲ್ಲದವರು. ತಾಯಿ ಕೂಸನ್ನು ಅವಚಿಕೊಂಡು ಚೀರಿದಳು: "ಪರದೇಶಿ ಕೈಯಾಗ ಕೊಟ್ಟು ನನ್ನ ಕೂಸಿಗೂ ಪರದೇಶಿ ಮಾಡ್ಲೇನು? ನಾ ಹೊಂಟೇನಿ!"

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಅಡ್ಡ ನಿಂತೆ. "ಏ ಹುಚ್ಚಿ, ಅಕಿಗಿ ಅವ್ವ ಅಪ್ಪ ಎಲ್ಲಾ ಅದಾರ. ದೂರದ ದೇಶದಾಕಿ ಅಂತ ಹೇಳ್ಯಾಳ, ಅಷ್ಟ. ಕುಂದ್ರು!"

ತಾಯಿಗೆ ನಗು ಬಂತು. "ಹಂಗೇನ್ರಿ ಕಾಕಾ? ನಾ ತಪ್ಪ ತಿಳ್ಕೊಂಡಿದ್ದೆ" ಎಂದು ಹುಡುಗಿಯ ಗಲ್ಲ ಮುಟ್ಟಿದಳು. ಆಮೇಲೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, "ಆದ್ರ ಲಾರಿ ನಿಲ್ಲಂಗಿಲ್ರಿ" ಎಂದು ನನ್ನ ಪಕ್ಕದಿಂದ ದಾಟಿ ಹೊರಟೇಬಿಟ್ಟಳು.

"ಅವರಿಗೆ ಅರ್ಥ ಆಯ್ತಲ್ಲ, ಮತ್ತೆ ಯಾಕೆ ಹೋದರು?" ಎಂದು ಹುಡುಗಿ ನನ್ನನ್ನು ಕೇಳಿದಳು.

ತಪ್ಪು ತಿಳಿದು ಹೋಗಿದ್ದರೆ ಅವಳ ಬುದ್ಧಿಗೆ ಬೈದು ಸುಮ್ಮನಾಗುತ್ತಿದ್ದೆ. ಎಲ್ಲಾ ತಿಳಿದೇ ಹೋದಳು. ಈಗ ಯಾರಿಗೆ ಬೈಯಲಿ, ನೀವೇ ಹೇಳಿ.